ಏಳು ಹೆಸರಿನ ಕಾಗದ

ಇಲ್ಲ ಇಲ್ಲ, ರೈಲಿನ ಮಾತು ಆಮ್ಯಾಲ ಬರ್ತದ, ನಾ ತಪ್ಪಿ ಮೊದಲೇ ಹೇಳ್ಲತ್ತಿದ್ದೆ. ಮೊದಲು ರೊಟ್ಟಿ. ರೊಟ್ಟಿ ಬಡೀಲಿಕ್ಕ ಹೋಗಿದ್ದೆ ನೋಡ್ರಿ ನಾನು, ಅಷ್ಟೇ, ಮತ್ತೇನೂ ದೊಡ್ಡ ಕೆಲಸಕ್ಕ ಹೋದಾಕಿ ಅಲ್ಲ. ಪೊಲೀಸ್ ಆಕ್ಷನ್ ಆಗಿ ಎರಡು ತಿಂಗಳಾಗಿತ್ತೋ ಮೂರಾಗಿತ್ತೋ, ನಿಜಾಮನ ರಾಜ್ಯ ಹೋಗಿ ಹಿಂದೂಸ್ಥಾನದ ಫೌಜು ಬಂದು ಕುಂತಿತ್ತು, ಬೀದರ್ದಾಗ ಮಿಲಿಟ್ರಿ ಲಾರಿ ತಿರುಗ್ತಿದ್ವು. ಬಜಾರ ಅರ್ಧ ಮುಚ್ಚಿತ್ತು. ಈಗ ಗಾಂಧಿ ಗಂಜ ಅಂತೀರಲ್ಲ, ಲಾರಿ, ದಲಾಲರು, ಗದ್ದಲ, ಅಂಥಾದ್ದೇನೂ ಆಗ ಇದ್ದಿಲ್ಲ, ಹಳೀ ಬಜಾರದಾಗೇ ನಮ್ಮ ಮನಿಯವ್ರು, ನಿಮ್ಮ ಮುತ್ತ್ಯಾ, ಜ್ವಾಳದ ಚೀಲ ಹೊರ್ತಿದ್ರು. ಬಜಾರ ಮುಚ್ಚಿದ್ರ ಹೊರಾದೇನು? ಮನ್ಯಾಗ ಕೂತ್ರು. ನನಗ ಆಗ ಇಪ್ಪತ್ತು ಆಗಿರಬೇಕು, ಮಕ್ಕಳಿನ್ನಾ ಆಗಿದ್ದಿಲ್ಲ, ಕೈಗಿ ಕಸುವಿತ್ತು. ಹಳೀ ಸರಾಯಿ, ದಾರಿಹೋಕರು ಇಳಕೊಳ್ಳೋ ಛತ್ರ, ಅದರೊಳಗ ಹಳ್ಳಿಗೋಳಿಂದ ಓಡಿ ಬಂದ ಹೆಣ್ಮಕ್ಕಳಿಗಿ ಊಟ ಹಾಕ್ಲತ್ತಾರ, ರೊಟ್ಟಿ ಬಡಿಯೋರು ಬೇಕಾಗ್ಯಾರ, ಕೂಲಿಗಿ ಜ್ವಾಳ ಕೊಡ್ತಾರ ಅಂತ ಯಾರೋ ಹೇಳಿದ್ರು. ನಮ್ಮತ್ತಿ ಬ್ಯಾಡಂದ್ಳು. "ಆ ಮಂದಿಗಿ ರೊಟ್ಟಿ ಬಡಿತಿಯೇನ ನೀನು? ನಿಮ್ಮಣ್ಣನ ಕುರಿ ಹೊಡಕೊಂಡು ಹೋದೋರು ಯಾರು?" ಅಂದ್ಳು.

ಖರೇ ಅದಾ. ಆಕ್ಷನ್ ಆಗೋದಕ್ಕಿಂತ ಮೊದಲು ಹಾವಳಿ ಇತ್ತು, ನಿಜಾಮನ ಕಡಿಯವ್ರು ಬಂದೂಕ ಹಿಡಕೊಂಡು ಗುಂಪು ಗುಂಪು ಬರ್ತಿದ್ರು, ನಮ್ಮ ತವರುಮನಿ ಮನ್ನಳ್ಳಿಯಾಗ ನಮ್ಮಣ್ಣನ ಪೂರಾ ಹಿಂಡು ಹೋಗಿತ್ತು, ಒಂದು ಮರೀನೂ ಉಳೀಲಿಲ್ಲ, ಅಂವಗ ಹೊಡದ ಹೊಡತಕ್ಕ ಎಡಗೈ ಮುಂದ ಎಂದೂ ನೆಟ್ಟಗಾಗಲಿಲ್ಲ. ನಾವೂ ಹೊಲದಾಗ ಅಡಗಿ ಕೂತವ್ರೇ. ಆಮ್ಯಾಲ ಫೌಜು ಬಂತು, ಹಾವಳಿ ಮಾಡಿದವ್ರು ಓಡಿಹೋದ್ರು, ಉಳದವ್ರು ಯಾರು? ಬಡ ತುರ್ಕರು. ಪಿಂಜಾರರು, ಬಳೀ ಮಾರೋರು, ಕೂಲಿ ಮಾಡೋರು. ಸಿಟ್ಟೆಲ್ಲಾ ಅವರ ಮ್ಯಾಲ ಬಿತ್ತು. ನಾ ಇದನ್ನೆಲ್ಲಾ ಆಗ ಇಷ್ಟು ಬಿಡಿಸಿ ತಿಳಕೊಂಡಿದ್ದಿಲ್ಲ, ಸುಳ್ಳ ಯಾಕ ಹೇಳ್ಲಿ, ನನಗೂ ಸಿಟ್ಟಿತ್ತು. ಆದ್ರ ಹೊಟ್ಟಿ ಇತ್ತಲ್ಲ. ಹೋದೆ.

ಮೊದಲನೇ ದಿನ ಆ ಸರಾಯಿ ಬಾಗಿಲಾಗ ನಿಂತಾಗ ನನಗ ಅಂಜಿಕಿ, ಇವರು ನನಗ ಏನರ ಮಾಡಿದ್ರ ಹ್ಯಾಂಗ ಅಂತ. ಒಳಗ ನೋಡ್ತೇನಿ, ಐವತ್ತು ಅರವತ್ತು ಹೆಣ್ಮಕ್ಕಳು, ಭಾಲ್ಕಿ ಕಡಿಯವ್ರು, ಔರಾದ ಕಡಿಯವ್ರು, ಎಲ್ಲಾರೂ ಗ್ವಾಡಿಗಿ ಬೆನ್ನು ಹಚ್ಚಿ ಕೂತಾರ. ಒಬ್ಬಾಕೀನೂ ಬಾಗಿಲಿಗಿ ಬೆನ್ನು ಮಾಡಿ ಕೂತಿಲ್ಲ. ನನ್ನ ಹಣಿ ಮ್ಯಾಲಿನ ಕುಂಕುಮ ನೋಡಿದ್ರು, ನೋಡಿ ಮಕ್ಕಳಿಗಿ ಹಿಂದ ಎಳಕೊಂಡ್ರು. ಅವ್ವಾ, ಅವರಿಗಿ ನನ್ನ ಅಂಜಿಕಿ! ಬರೇ ಕಟಗಿ ಅಂಥಾ ಹುಡುಗಿ ನಾನು, ಒಂದು ಕೋಳೀ ಸೈತ ಕೊಯ್ದಾಕಿ ಅಲ್ಲ, ನನಗ ನೋಡಿ ಅಂಜ್ಲತ್ತಾರ. ರೊಟ್ಟಿ ಕೊಟ್ರ ತಿನ್ನವೊಲ್ರು, ಸೆರಗಿನಾಗ ಕಟ್ಕೋತಿದ್ರು. ನಾಳಿ ಇದ್ದೀತೋ ಇಲ್ಲೋ ಅಂತ. ಒಣಗಿ ಕಟಗಿ ಆದ ರೊಟ್ಟಿ, ಮೂರು ದಿನದ್ದು, ಸೆರಗಿನಾಗ ಇರ್ತಿತ್ತು. ಹದಿನೈದು ದಿನ ಹಿಡೀತು ನೋಡ್ರಿ ಆ ಸೆರಗಿನ ಗಂಟು ಬಿಚ್ಚಲಿಕ್ಕ.

ಅವರೊಳಗ ಖೈರುನ್ಬಿ ಅಂತ ಒಬ್ಬಾಕಿ ಇದ್ಳು, ನಲವತ್ತು ವಯಸ್ಸಿನಾಕಿ, ಹತ್ತಿ ಹೊಡಿಯೋ ಪಿಂಜಾರರ ಮನಿಯಾಕಿ. ಅಕೀನೇ ಮೊದಲು ಬಂದು ನನ್ನ ಒಲೀ ಮುಂದ ಕೂತ್ಳು. ಕೂತು ನನ್ನ ಹಿಟ್ಟು ನೋಡಿ, "ಬಿಸಿನೀರು ಕಮ್ಮಿ ಆಗ್ಯಾದ ತಂಗಿ, ಅದಕ್ಕೇ ರೊಟ್ಟಿ ಒಡೀಲತ್ತಾವ" ಅಂದ್ಳು. ನಮ್ಮ ಮಾತೇ ಆಡ್ತಿದ್ಳು ಅಕಿ, ತಮ್ಮವ್ರ ಕೂಡ ತುರ್ಕರ ಮಾತು, ನಮ್ಮ ಕೂಡ ಕನ್ನಡ. ಅವತ್ತಿನಿಂದ ಅಕಿ ಹಿಟ್ಟು ನಾದಾಕಿ, ನಾ ಬಡಿಯಾಕಿ.

ಸರಾಯಿ ನಡಸೋರು ಒಬ್ಬರು ಹೊರಗಿನಿಂದ ಬಂದ ಹೆಣ್ಮಗಳು, ಖಾದಿ ಸೀರಿ ಉಡೋರು, ಹೆಸರು ದೊಡ್ಡದಿತ್ತು, ನಾವು ಬಾಯಿಯವ್ರು ಅಂತಿದ್ದೆವು. ಎಳ್ಳಮಾಸಿ ಹತ್ರ ಬಂದಾಗ ಒಂದಿನ ಬಾಯಿಯವ್ರು ನನಗ ಕರದು, "ನೀಲಮ್ಮಾ, ಸರಾಯಿ ಖಾಲಿ ಮಾಡ್ರಿ ಅಂತ ಹುಕುಂ ಬಂದದ. ಎಲ್ಲಾರಿಗೂ ತಮ್ಮ ತಮ್ಮ ಊರಿಗಿ ಕಳಸಬೇಕು. ಖೈರುನ್ಬಿ ಊರಿನವ್ರು ಏಳು ಮಂದಿ ಇದ್ದಾರ, ನೀ ಬಂದ್ರ ಹೋಗ್ತೇವಂತಾರ" ಅಂದ್ರು. "ನಾ ಯಾಕ್ರಿ ಬಾಯಿ? ನಾ ರೊಟ್ಟಿ ಬಡಿಯಾಕಿ." "ಅದಕ್ಕೇ. ನೀ ಹದಿನೈದು ದಿನ ಅವರ ಕೂಡ ಇರು, ಮಂದಿ ನೋಡ್ಲಿ, ನಮ್ಮಾಕೀನೂ ಒಬ್ಬಾಕಿ ಇದ್ದಾಳ ಅಂತ ಕೈ ಎತ್ತಲಾರರು" ಅಂದ್ರು. ಮನ್ಯಾಗ ಹೇಳ್ದೆ. ನಮ್ಮತ್ತಿ ಹಣಿ ಹಣಿ ಬಡಕೊಂಡ್ಳು. ನಿಮ್ಮ ಮುತ್ತ್ಯಾ, "ನೀ ಹೋಗಲಿಲ್ಲಂದ್ರ ಅವರು ಹೋಗಂಗಿಲ್ಲೇನು?" ಅಂದ್ರು. "ಕಳಸ್ತಾರ್ರಿ, ಹ್ಯಾಂಗರ ಮಾಡಿ ಕಳಸ್ತಾರ. ಬರೇ ಅವರೇ ಹೋಗ್ತಾರ." "ಮತ್ತ ಹೋಗಿ ಬಾ" ಅಂದ್ರು. ಅಷ್ಟೇ ಅಂದ್ರು. ಆಮ್ಯಾಲ ಹೊರಗ ಹೋಗಿ ಕಟ್ಟಿ ಮ್ಯಾಲ ಕೂತವ್ರು ಊಟಕ್ಕ ಕರದ್ರೂ ಬರಲಿಲ್ಲ.

ಬಾಯಿಯವ್ರು ನನ್ನ ಕೈಯಾಗ ಒಂದು ಕಾಗದ ಕೊಟ್ರು. ಉರ್ದುದಾಗ ಬರದಿತ್ತು, ಮ್ಯಾಲ ಸರ್ಕಾರದ ಮುದ್ರಿ, ಒಂದು ಸಿಕ್ಕ, ಒತ್ತಿತ್ತು. ಅದರಾಗ ಏಳೂ ಮಂದಿ ಹೆಸರು. ಅದು ತೋರಿಸಿದ್ರ ಭಾಲ್ಕಿ ತಹಶೀಲದಾಗ ವಾರಕ್ಕೊಮ್ಮಿ ಜ್ವಾಳ ಕೊಡ್ತಾರ, ಒಂದೊಂದು ಸೀರಿ ಕೊಡ್ತಾರ. "ಇದು ಕಳೀಬ್ಯಾಡ ನೀಲಮ್ಮಾ, ಇದು ಹೋದ್ರ ಅವರ ಅನ್ನ ಹೋದಂಗ" ಅಂದ್ರು. ನನಗ ಓದಲಿಕ್ಕ ಉರ್ದುನೂ ಬರಂಗಿಲ್ಲ, ಕನ್ನಡಾನೂ ಬರಂಗಿಲ್ಲ, ಸಾಲಿ ಮುಖ ನೋಡಿದಾಕೆಲ್ಲಿ. ನಡದಾಗ, ಸೀರಿ ಒಳಗ, ಬಿಗಿಯಾಗಿ ಸಿಗಸ್ಕೊಂಡೆ.

ಈಗ ಬಂತು ನೋಡ್ರಿ ರೈಲು. ಬೀದರ್ದಿಂದ ಭಾಲ್ಕಿಗಿ. ನಾ ರೈಲು ಹತ್ತಿದ್ದು ಅದೇ ಮೊದಲು, ಖಿಡಕಿ ಹತ್ರ ಕೂಡಬೇಕಂತ ಭಾಳ ಆಸೆ ಇತ್ತು. ಅವರು ಕೂಡಗೊಡಲಿಲ್ಲ. "ನಕ್ಕೋ, ಬ್ಯಾಡ ತಂಗಿ, ಹೊರಗ ಕಾಣಸಬ್ಯಾಡ" ಅಂದ್ಳು ಖೈರುನ್ಬಿ. ಎಂಟು ಮಂದಿ ಹೆಂಗಸರು, ಮೂರು ಕೂಸುಗೋಳು, ಎಲ್ಲಾರೂ ಕೆಳಗ, ಡಬ್ಬಿ ನೆಲದಾಗ ಕೂತು ಹೋದ್ವಿ. ಭಾಲ್ಕಿಯಾಗ ಇಳದು ಎತ್ತಿನ ಬಂಡಿ. ಖಟಕ ಚಿಂಚೋಳಿ ದಾಟಿ ಇನ್ನಾ ಒಳಗ ಹೋಗಬೇಕು. ಊರ ಹೆಸರು ಹೇಳಂಗಿಲ್ಲ ನಾನು, ಕೇಳಬ್ಯಾಡ್ರಿ, ಆ ಮಂದಿ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅಲ್ಲೇ ಇದ್ದಾರ. ಊರಿನ ಗುಡಿ ಕಾಣ್ಲತ್ತಿತು, ಬಂಡಿಯಂವ ಎತ್ತು ನಿಲ್ಲಿಸಿಬಿಟ್ಟ. "ನಾ ಮುಂದ ಬರಂಗಿಲ್ಲ ತಾಯಿ, ನನಗೂ ಮಕ್ಕಳವ" ಅಂದ. ಇಳದು ನಡದ್ವಿ. ಎರಡೂ ಕಡಿ ಜ್ವಾಳ ಆಳೆತ್ತರ ನಿಂತಿತ್ತು, ತೆನಿ ಬಂದಿತ್ತು. ಒಳಗ ಯಾರರ ಕೂತಾರೇನು ಅಂತ ಎಂಟೂ ಮಂದಿ ಕಣ್ಣು ಆ ಜ್ವಾಳದಾಗೇ. ಗಾಳಿಗಿ ದಂಟು ಸರಕ್ ಅಂದ್ರ ಸಾಕು, ಎಲ್ಲಾರೂ ನಿಂತುಬಿಡ್ತಿದ್ರು.

ಊರಾಗ ಹೊಕ್ವಿ. ಕಟ್ಟಿ ಮ್ಯಾಲ ಕೂತ ಗಂಡಸ್ರು ಮುಖ ಆ ಕಡಿ ಮಾಡಿದ್ರು. ಹೆಂಗಸ್ರು ಬಾಗಿಲು ಹಾಕ್ಕೊಂಡ್ರು. ಒಬ್ಬರೂ ಬೈಲಿಲ್ಲ, ಒಬ್ಬರೂ ಬರ್ರಿ ಅನ್ಲಿಲ್ಲ. ಬೈದಿದ್ರ ಅಷ್ಟು ಅಂಜಿಕಿ ಆಗ್ತಿದ್ದಿಲ್ಲ, ನೋಡ್ರಿ. ಏಳು ಮನ್ಯಾಗ ಒಂದೇ ಒಂದು ಮನಿಗಿ ಮಾಡು, ಮ್ಯಾಲಿನ ಛಾವಣಿ, ಉಳದಿತ್ತು, ಖೈರುನ್ಬಿದು. ಬಾಗಿಲು ಇದ್ದಿಲ್ಲ, ಚೌಕಟ್ಟು ಸೈತ ಕಿತ್ಕೊಂಡು ಹೋಗಿದ್ರು. ಗಡಿಗಿ ಇಲ್ಲ, ಹಾಸಗಿ ಇಲ್ಲ, ಅಡಗಿ ಮನ್ಯಾಗ ಬೀಸೋ ಕಲ್ಲು ಇದ್ದ ಜಾಗದಾಗ ದುಂಡಗ ಒಂದು ಕುಳಿ ಇತ್ತು ಅಷ್ಟೇ. ಮಾಡಿನ ಕೆಳಗ ಮಲಗ್ರಿ ಅಂದ್ರ ಒಬ್ಬಾಕೀನೂ ಒಲ್ಲೆ ಅಂದ್ಳು. ಆ ಚಳಿಯಾಗ ಎಲ್ಲಾರೂ ಅಂಗಳದಾಗ. ಒಳಗಿದ್ರ ಬಾಗಲಾಗ ಬಂದು ನಿಂತುಬಿಡ್ತಾರ, ಹೊರಗಿದ್ರ ಓಡಬಹುದು ಅಂತ.

ಈಗ ಗಡಿ ಆಚಿ ಭೂಮಿ ನಡುಗಿ ಊರಿಗಿ ಊರೇ ಬಿದ್ವಲ್ಲ, ನಿಮ್ಮಪ್ಪ ಬ್ಯಾಡ ಬ್ಯಾಡಂದ್ರೂ ನಾ ರೊಟ್ಟಿ ಗಂಟು ಹೊತ್ಕೊಂಡು ಲಾರಿ ಹತ್ತಿ ಹೋಗಿದ್ದೆನಲ್ಲ, ಅಲ್ಲೂ ಇದೇ ನೋಡಿದೆ. ತಗಡಿನ ಶೆಡ್ಡು ಹಾಕಿ ಕೊಟ್ಟಾರ, ಒಳಗ ಹೋಗವೊಲ್ರು. ಸುರಿಯೋ ಮಳ್ಯಾಗ ಹೊರಗ ಕೂತಾರ. ಒಬ್ಬ ಸಾಹೇಬ, "ಇವರಿಗಿ ಬುದ್ಧಿ ಇಲ್ಲ, ಚೊಲೋ ಮಾಡು ಇದ್ರೂ ತೊಯ್ಯಲತ್ತಾರ" ಅಂತಿದ್ದ. ಮಾಡು ಅಂದ್ರ ಏನಂತ ಅವರಿಗಿ ಗೊತ್ತು, ಅಂವಗ ಗೊತ್ತಿಲ್ಲ. ಒಬ್ಬಾಕಿ ಮುದುಕಿ ಹತ್ರ ಹೋಗಿ ನಾನೂ ಹೊರಗ ಕೂತೆ. ಆಮ್ಯಾಲ ಅಕಿ ರೊಟ್ಟಿ ತಿಂದ್ಳು. ಇರ್ಲಿ, ಎಲ್ಲಿದ್ದೆ ನಾನು? ಹಾಂ, ಅಂಗಳ.

ಬರುವಾಗ ಭಾಲ್ಕಿಯಾಗ ಕಾಗದ ತೋರಿಸಿ ತಂದ ಜ್ವಾಳ ಇತ್ತು, ಬೀಸ್ಲಿಕ್ಕ ಕಲ್ಲಿಲ್ಲ. ಗಿರಣಿ ಗಿರಣಿ ಅನ್ನಬ್ಯಾಡ, ಆಗೆಲ್ಲಿ ಗಿರಣಿ ಹಳ್ಳ್ಯಾಗ. ಮೂರು ದಿನ ಇಡೀ ಜ್ವಾಳ ಕುದಿಸಿ ಉಪ್ಪು ಹಾಕಿ ತಿಂದ್ವಿ. ನಾಲ್ಕನೇ ದಿನ ಬೆಳಗಾಗೋ ಹೊತ್ತಿಗಿ ಊರೆಲ್ಲಾ ಬೀಸ್ಲತ್ತಿತ್ತು, ಖೈರುನ್ಬಿ ಧಡಕ್ಕನ ಎದ್ದು ಕೂತ್ಳು. "ಕೇಳ್ಸಿಕೋ" ಅಂದ್ಳು. "ಏನು?" "ನನ್ನ ಚಕ್ಕಿ." ನನಗೇನು ತಿಳೀತದ, ಎಲ್ಲಾ ಕಲ್ಲು ಗರ್ರ್ ಅಂತಾವ. ಅಕಿ ಅಂದ್ಳು, "ನನ್ನದು ತಿರುಗೂವಾಗ ಒಂದು ಕಡಿ ಟಕ್ ಅಂತದ. ಮ್ಯಾಲಿನ ಕಲ್ಲಿಗಿ ಒಂದು ಚೂರು ಹೋಗ್ಯಾದ. ಇಪ್ಪತ್ತು ವರ್ಷ ತಿರುವೀನಿ." ಕಿವಿಗೊಟ್ಟು ಕೇಳ್ದೆ. ಗರ್ರ್... ಟಕ್. ಗರ್ರ್... ಟಕ್. ಮೂರನೇ ಮನ್ಯಾಗಿಂದ ಬರ್ಲತ್ತಿತ್ತು. ಅಕಿ ಎದ್ದು ನಿಂತ್ಳು. ನಾ ಸೆರಗು ಹಿಡದು ಕೂಡಿಸಿದೆ. "ಬ್ಯಾಡ ಅಕ್ಕಾ, ನಿನ್ನ ಕಾಲು ಬೀಳ್ತೇನಿ, ಹೋಗಬ್ಯಾಡ. ಏನೂ ಕೇಳಬ್ಯಾಡ್ರಿ ಅಂತ ಬಾಯಿಯವ್ರು ಹೇಳ್ಯಾರ." ಅಕಿ ಕೂತ್ಳು. ಆದ್ರ ಅದು ನಿಂದರೋ ತನಕ ಕೇಳ್ಲತ್ತಿದ್ಳು, ತುಟಿ ಅಲ್ಲಾಡ್ಲತ್ತಿದ್ವು.

ಆ ಮನಿ ಯಾರದು ಅಂದ್ರ ಮಾಣಿಕಪ್ಪ ಅಂತ, ಎರಡು ಜೋಡಿ ಎತ್ತಿನ ಒಕ್ಕಲಿಗ. ಹೆಂಡತಿ ಸಂಗಮ್ಮ. ಅವತ್ತು ಗಂಡ ಹೊಲಕ್ಕ ಹೋಗೋದು ನೋಡಿ ನಾನೇ ಪುಟ್ಟಿಯಾಗ ಜ್ವಾಳ ಹಾಕ್ಕೊಂಡು ಹೋದೆ. "ಅಕ್ಕಾ, ಒಂದು ಪುಟ್ಟಿ ಬೀಸ್ಕೊಂಡು ಹೋಗ್ಲೇನ್ರಿ?" ಅಂದೆ. ಸಂಗಮ್ಮ ನನಗಿಂತ ಎರಡು ವರ್ಷ ದೊಡ್ಡಾಕಿ ಇದ್ದಿರಬೇಕು. ಓಣಿ ಆ ಕಡಿ ಈ ಕಡಿ ನೋಡಿದ್ಳು, ನನ್ನ ಕೈ ಹಿಡದು ಒಳಗ ಎಳಕೊಂಡು ಬಾಗಿಲು ಹಾಕಿದ್ಳು. ಕಲ್ಲಿನ ಮುಂದ ಕೂತ್ವಿ, ಈ ಕಡಿ ಅಕಿ, ಆ ಕಡಿ ನಾನು, ಒಂದೇ ಗೂಟಕ್ಕ ಇಬ್ಬರ ಕೈ. ನಾ ಒಂದು ಮಾತೂ ಆಡಿಲ್ಲ, ಆಣಿ ಮಾಡಿ ಹೇಳ್ತೇನಿ. ಅಕೀನೇ, ತಲಿ ಎತ್ತಲಾರದೇ, "ನಾ ತಾ ಅಂದಿಲ್ಲವ್ವಾ. ತಂದು ಹಾಕ್ದ. ದಿನಾ ಮುಂಜಾನಿ ಇದರ ಮುಂದ ಕೂಡ್ತೇನಿ, ಖೈರುನ್ಬಿ ನೆನಪಾಗ್ತಾಳ" ಅಂದ್ಳು. ಹಿಟ್ಟು ತಗೊಂಡು ಬಂದೆ. ಅವತ್ತು ರೊಟ್ಟಿ ಬಡದೆ. ಖೈರುನ್ಬಿ ಒಂದು ತುತ್ತು ಬಾಯಾಗ ಇಟ್ಟು, "ಸಣ್ಣಗ ಬೀಸ್ಯಾದ" ಅಂದ್ಳು ಅಷ್ಟೇ.

ಎರಡು ದಿನ ಹಿಂಗೇ ಹೋಗಿ ಬಂದೆ. ಯಾರು ನೋಡಿದ್ರೋ ಏನೋ, ಊರಾಗ ಸುದ್ದಿ ಹಬ್ಬಿತು. ಬೀದರ್ದಾಕಿ ಮನಿ ಮನಿ ಹೊಕ್ಕು ಏನೇನು ಅದಾ ಅಂತ ನೋಡ್ಲತ್ತಾಳ, ನಡದಾಗ ಕಾಗದ ಇಟ್ಕೊಂಡಾಳ, ಹೆಸರು ಬರಸ್ಕೊಂಡು ಮಿಲಿಟ್ರಿಗಿ ಕೊಡ್ತಾಳ ಅಂತ. ಸಂಗಮ್ಮ ಮೂರನೇ ದಿನ ಬಾಗಿಲು ತಗೀಲಿಲ್ಲ. ಒಳಗಿಂದೇ, "ಹೋಗು ತಂಗಿ, ಹೋಗಿಬಿಡು, ಊರೇ ಬಿಟ್ಟು ಹೋಗು" ಅಂದ್ಳು. ಅಳ್ಲತ್ತಿದ್ಳು. ನಾ ಖಾಲಿ ಪುಟ್ಟಿ ಅಲ್ಲ, ತುಂಬಿದ ಪುಟ್ಟಿ ಹಂಗೇ ಹೊತ್ಕೊಂಡು ತಿರುಗಿ ಬಂದೆ.

ಅವತ್ತು ಮಧ್ಯಾನ್ಹ. ಬಿಸಲು ಚೊಲೋ ಬಿದ್ದಿತ್ತು, ಹೆಂಗಸ್ರು ಅಂಗಳದಾಗ ಕೂಸುಗೋಳ ತಲಿ ನೋಡ್ಲತ್ತಿದ್ರು. ಬಾಗಿಲಿಲ್ಲದ ಬಾಗಲಾಗ ನೆರಳು ಬಿತ್ತು. ಮಾಣಿಕಪ್ಪ. ಅವನ ಹಿಂದ ಇಬ್ಬರು. ಕೈಯಾಗ ಕುಡಗೋಲು, ಜ್ವಾಳ ಕೊಯ್ಯೋದು. ಹೊಲದಿಂದ ಸೀದಾ ಬಂದಿದ್ದ, ಮೈಯೆಲ್ಲಾ ಬೆವರು, ಧೂಳ. ಹೆಂಗಸ್ರು ಚಿಟ್ಟನ ಚೀರಲಿಲ್ಲ, ನೋಡ್ರಿ. ಸುಮ್ಮನ, ಒಂದೂ ಸಪ್ಪಳ ಇಲ್ಲದೇ, ಕೂಸುಗೋಳಿಗಿ ಹಿಂದ ಹಾಕ್ಕೊಂಡು ಗ್ವಾಡಿಗಿ ಸರದು ನಿಂತ್ರು. ಆ ಸುಮ್ಮನ ಇದ್ದದ್ದೇ ನನ್ನ ಜೀವ ತಗೊಂಡಿತು.

"ಯಾಕಿ ನೀಲಮ್ಮ ಅನ್ನಾಕಿ?"

"ನಾನೇರಿ ಅಣ್ಣಾ."

"ಯಾ ಊರಾಕಿ?"

"ತವರುಮನಿ ಮನ್ನಳ್ಳಿರಿ. ಕೊಟ್ಟಿದ್ದು ಬೀದರ್ದಾಗ. ಕುರುಬರ ಪೈಕಿರಿ."

"ನಮ್ಮಾಕಿ ಆಗಿ ಇವರ ಕೂಡ ತಿಂತಿ, ಇವರ ಕೂಡ ಮಲಗ್ತಿ, ಮತ್ತ ನಮ್ಮ ಹೆಸರು ಬರಸ್ಕೊಂಡು ಮಿಲಿಟ್ರಿಗಿ ಕೊಡ್ತಿ. ತಗಿ ಕಾಗದ."

ನಗಬ್ಯಾಡ್ರಿ, ಖರೇ ಹೇಳ್ತೇನಿ, ಅಂಜಿ ನನ್ನ ಸೀರಿ ತೊಯ್ದುಬಿಟ್ಟಿತು. ಇಪ್ಪತ್ತು ವರ್ಷದಾಕಿ, ಲಗ್ನ ಆದಾಕಿ. "ಅದು ಜ್ವಾಳದ ಕಾಗದರಿ, ಅಣ್ಣಾ, ಬರೇ ಜ್ವಾಳದ್ದು" ಅಂದೆನೋ, ಇಲ್ಲಾ ಅನ್ನಬೇಕಂತ ಬರೇ ಬಾಯಿ ತೆರದೆನೋ. ಅಂವ ಕುಡಗೋಲಿನ ತುದೀಲೆ ನಡದ ಕಡಿ ತೋರಿಸಿದ. ತಗದು ಕೊಟ್ಟೆ. ಕೊಟ್ಟುಬಿಟ್ಟೆ ನೋಡ್ರಿ, ಕಳೀಬ್ಯಾಡ ಅಂದಿದ್ದು, ಏಳು ಮಂದಿ ಅನ್ನ, ಒಂದು ಮಾತಿಗಿ ಕೊಟ್ಟುಬಿಟ್ಟೆ.

ಅಂವ ತಿರುವಿ ಮುರುವಿ ನೋಡಿದ. ಅಂವಗ ಓದಲಿಕ್ಕ ಬರ್ತಿದ್ದಿಲ್ಲ. ಹಿಂದಿನವ್ರಿಗಿ ತೋರಿಸಿದ, ಅವರಿಗೂ ಬರಂಗಿಲ್ಲ. ಆಗ ನಾ ಅವನ ಕೈ ನೋಡಿದೆ. ಹೆಬ್ಬಟ್ಟಿಲೆ ಸಿಕ್ಕ ಒರಸ್ಲತ್ತಿದ್ದ, ಅಳಿಸಿಹೋದೀತು ಅನ್ನೋ ಹಂಗ. ಸಿಕ್ಕ ಕಂಡಿತ್ತಲ್ಲ, ಸಿಕ್ಕ ಇದ್ದ ಕಾಗದ ಅಂದ್ರ ಜೇಲು ಅಂತ ತಿಳದಿದ್ದ. "ಹರದು ಒಲ್ಯಾಗ ಹಾಕ್ತೇನಿ" ಅಂದ.

"ಹರೀಬ್ಯಾಡ." ಖೈರುನ್ಬಿ ಗ್ವಾಡಿ ಬಿಟ್ಟು ಎದ್ದು ಬಂದ್ಳು. ಅವರಪ್ಪ ಮಸೂತಿ ಮುಲ್ಲಾ ಇದ್ದ, ಸಣ್ಣಾಕಿದ್ದಾಗ ಓದಲಿಕ್ಕ ಕಲಿಸಿದ್ದ. "ನಾ ಓದ್ತೇನಿ. ಪೂರಾ ಕೇಳು. ಅದರಾಗ ನಿನ್ನ ಹೆಸರಿದ್ರ ಹರಿ." ಅಂವ ಕಾಗದ ಕೊಡ್ಲಿಲ್ಲ, ಒಂದು ತುದಿ ತನ್ನ ಕೈಯಾಗೇ ಹಿಡದಿದ್ದ. ಅಕಿ ಹತ್ರ ಹೋಗಿ, ಅವನ ಕುಡಗೋಲಿಗಿ ಇಷ್ಟೇ ದೂರ ನಿಂತು, ಬಟ್ಟು ಇಟ್ಟು ಓದಿದ್ಳು.

"ಖೈರುನ್ಬಿ. ಬೇವಾ ಮೌಲಾಸಾಬ ಪಿಂಜಾರ."

ಬೇವಾ ಅಂದ್ರ ಗಂಡ ಸತ್ತಾಕಿ. ಮೌಲಾಸಾಬನ ಹೆಂಡತಿ, ಮೌಲಾಸಾಬ ಈಗ ಇಲ್ಲ ಅಂತ.

"ಹುಸೇನ್ಬಿ. ಬೇವಾ ಖಾಸೀಮಸಾಬ. ಚಾಂದಬಿ. ಬೇವಾ ಇಮಾಮಸಾಬ ಬಳೆಗಾರ."

"ಸಾಕು" ಅಂದ ಮಾಣಿಕಪ್ಪ.

"ಇನ್ನಾ ಅವ. ಪೂರಾ ಕೇಳು ಅಂದೀನಲ್ಲ." ಮತ್ತ ಓದಿದ್ಳು. ಒಂದು ಹೆಸರು, ಬೇವಾ, ಮತ್ತೊಂದು ಹೆಸರು. ಜೋರಾಗಿ ಓದ್ಲಿಲ್ಲ, ಅತ್ತೂ ಓದ್ಲಿಲ್ಲ, ಸಾಲಿ ಮಾಸ್ತರು ಹಾಜರಿ ಕೂಗಿದಂಗ. ಅವೆಲ್ಲಾ ಹೆಸರು ಅಂವಗ ಗೊತ್ತಿದ್ವು. ಒಂದೂರಿನವ್ರು. ಅವನ ಮನಿ ಗಾದಿ ಮೌಲಾಸಾಬ ಹೊಡದು ಕೊಟ್ಟಿದ್ದು, ಅವನ ಹೆಂಡತಿ ಕೈಗಿ ಬಳಿ ಇಡಿಸಿದ್ದು ಇಮಾಮಸಾಬ. ಹಿಂದಿನ ಇಬ್ಬರು ಒಂದೊಂದೇ ಹೆಜ್ಜಿ ಹಿಂದ ಸರೀಲತ್ತಿದ್ರು. ಏಳನೇ ಹೆಸರು ಬಂತು.

"ಮಾಬಿ. ಮಗ ದಸ್ತಗೀರ. ಲಾಪತಾ."

ಲಾಪತಾ ಅಂದ್ರ ಪತ್ತೆ ಇಲ್ಲ. ಸತ್ತಾನೋ ಬದುಕ್ಯಾನೋ ಯಾರಿಗೂ ಗೊತ್ತಿಲ್ಲ. ಮಾಬಿ ಅನ್ನಾಕಿ ಮುದುಕಿ, ಕಣ್ಣು ಮಂಜು, ಸರಾಯಿಯಾಗೂ ಯಾರ ಕೂಡ ಮಾತಿಲ್ಲ ಕತಿಯಿಲ್ಲ. ಗ್ವಾಡಿ ಹಿಡಕೊಂಡು ಎದ್ದು ನಿಂತ್ಳು. "ಮಾಣಿಕಾ" ಅಂದ್ಳು. ಸಣ್ಣ ಹುಡುಗಗ ಕರದಂಗ. "ನಾ ನಿಮ್ಮವ್ವನ ಕೂಡ ಕಳೆ ತಗೀಲಿಕ್ಕ ಹೋಗಾಕಿ, ನಿನಗ ಬದಾಮಿ ಗಿಡದ ನೆರಳಾಗ ಮಲಗಿಸಿ. ಯಾರು ಹೊಡದ್ರು ಅಂತ ಕೇಳಂಗಿಲ್ಲ ನಾನು. ದಸ್ತಗೀರ ಎಲ್ಲಿದ್ದಾನ, ಅಷ್ಟೇ ಹೇಳು. ಬಂದಾನು ಬಂದಾನು ಅಂತ ಬಾಗಿಲು ನೋಡಿ ನೋಡಿ ಸಾಕಾಗ್ಯಾದ."

ಹಿಂದಿನಂವ, "ನಡಿ ಮಾಣಿಕಪ್ಪ, ನಡಿ" ಅಂದ. ಇಂವ ಹೋಗಲಿಲ್ಲ. ನೆಲ ನೋಡ್ಕೋತ ನಿಂತ. ಆಮ್ಯಾಲ, "ಹಳ್ಳದ ಆಚಿ ದಂಡಿಗಿ ಸೀತಾಫಲದ ಗಿಡ ಅವಲ್ಲ, ಅಲ್ಲಿ. ಮೂರು ಮಂದಿ ಇದ್ದಾರ. ಮಣ್ಣು ಹಾಕೀವಿ. ನಾಯಿಗಿ ಬಿಟ್ಟಿಲ್ಲ ಯಮ್ಮಾ, ಮಣ್ಣು ಹಾಕೀವಿ" ಅಂದ.

ಹಾಕೀವಿ ಅಂದ. ಹಾಕ್ಯಾರ ಅನ್ಲಿಲ್ಲ. ನಾವೂ ಕೇಳ್ದೆವು, ಹಿಂದಿನ ಇಬ್ಬರೂ ಕೇಳಿದ್ರು, ಅಂವಗೂ ತಾ ಏನಂದೆ ಅಂತ ಆಮ್ಯಾಲ ತಿಳೀತು ಕಾಣ್ತದ. ಮಾರಿ ಬೂದಿ ಆದಂಗ ಆಯ್ತು. ಕಾಗದ ಕೈಬಿಟ್ಟ, ತಿರುಗಿ ಹೋದ. ಮಾಬಿ ಅಲ್ಲೇ ಕೂತ್ಳು. ಅಳ್ತಾಳ ಅಂತ ನಾವು ನೋಡಿದ್ರ ಅಳ್ಲಿಲ್ಲ, "ಹಳ್ಳದ ಆಚಿ ದಂಡಿ, ಹಳ್ಳದ ಆಚಿ ದಂಡಿ" ಅಂತ ತನ್ನಷ್ಟಕ್ಕ ತಾನೇ ಹೇಳ್ಕೋತ ಕೂತ್ಳು, ಮರತುಹೋದೀತು ಅನ್ನೋ ಹಂಗ.

ಏನಂದಿ? ಅಂಜಿಕಿ ಹೋಯ್ತೇನು ಅಂತಿ? ಇಲ್ಲ ಕೂಸೇ. ಅಂವ ಹೋದ ಮ್ಯಾಲೇ ಅಂಜಿಕಿ ಶುರು ಆಯ್ತು. ಅಂವ ಕುಡಗೋಲು ಹಿಡದು ನಿಂತಾಗ ಆದದ್ದು ಒಂದು ನಮೂನಿ. ಈಗೇನಾಯ್ತು? ಅಂವ ಮಾಡಿದ್ದು ನಮಗ ತಿಳೀತು, ನಮಗ ತಿಳದದ್ದು ಅಂವಗ ತಿಳೀತು. ತಿಳದವ್ರಿಗಿ ಬಿಡ್ತಾರೇನು? ಹುಸೇನ್ಬಿ ಗಂಟು ಕಟ್ಲತ್ತಿದ್ಳು, ಭಾಲ್ಕಿಗಿ ಓಡ್ಹೋಗೋಣ ಅಂತ. ನಾನೂ ಅದೇ ಅಂದೆ. ಮಾಬಿ ಮಾತ್ರ, "ನೀವು ಹೋಗ್ರಿ. ನನಗ ಆ ಗಿಡದ ತನಕ ಮುಟ್ಟಿಸಿ ಹೋಗ್ರಿ" ಅಂದ್ಳು. ಅಕಿಗಿ ಬಿಟ್ಟು ಹ್ಯಾಂಗ ಹೋಗೋದು? ಬೆಳಗಾದ ಮ್ಯಾಲ ಎಂಟೂ ಮಂದಿ ಹೊಂಟ್ವಿ. ಊರ ನಡುವೇ ಹಾದು ಹೋಗಬೇಕು. ಬಾಗಿಲು ಬಾಗಿಲಿಗಿ ಮಂದಿ ನಿಂತು ನೋಡ್ಲತ್ತಿದ್ರು, ಎಲ್ಲಿ ಹೊಂಟಾರ ಅಂತ ಎಲ್ಲಾರಿಗೂ ಗೊತ್ತಿತ್ತು. ಯಾರೂ ಅಡ್ಡ ಬರಲಿಲ್ಲ. ಸೀತಾಫಲದ ಗಿಡದ ಕೆಳಗ ಮಣ್ಣು ಇನ್ನಾ ಉಬ್ಬಿತ್ತು. ಮೂರರಾಗ ಯಾವುದು ಮಗಂದು ಅಂತ ಮಾಬಿಗಿ ಯಾರು ಹೇಳ್ಬೇಕು. ಮೂರಕ್ಕೂ ಕೈಯಾಡಿಸಿದ್ಳು. ಉಳದವ್ರು ದುವಾ ಮಾಡಿದ್ರು. ನನಗ ದುವಾ ಬರಂಗಿಲ್ಲ, ನಾ ಮೂರು ಕಲ್ಲು ಹುಡಕ್ಯಾಡಿ ತಂದು ತಲಿ ಕಡಿ ಇಟ್ಟೆ.

ತಿರುಗಿ ಬಂದ್ರ ಅಂಗಳದಾಗ ಬೀಸೋ ಕಲ್ಲು ಇತ್ತು. ಎರಡೂ ಹೋಳು, ಗೂಟದ ಸಮೇತ. ಯಾರು ತಂದಿಟ್ರು ಅಂತ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಖೈರುನ್ಬಿ ಅದಕ್ಕ ನೀರು ಹಾಕಿ ತೊಳದ್ಳು. ತೊಳದೇ ತೊಳದ್ಳು. ಸಾಕು ಬಿಡಕ್ಕಾ ಅಂದ್ರೂ ತೊಳದ್ಳು.

ಹದಿನೈದು ದಿನಕ್ಕ ಬಾಯಿಯವ್ರು ಜೀಪಿನಾಗ ಬಂದ್ರು, ಕೂಡ ಒಬ್ಬ ದೊಡ್ಡ ಅಧಿಕಾರಿ. ಊರ ಮಂದಿ ದೂರ ನಿಂತು ನೋಡ್ಲತ್ತಾರ, ಅವರೊಳಗ ಮಾಣಿಕಪ್ಪನೂ ನಿಂತಾನ. ಅಧಿಕಾರಿ ಕೇಳಿದ, "ಯಾರರ ತ್ರಾಸ ಕೊಟ್ಟಾರೇನು? ಹೆಸರು ಹೇಳ್ರಿ, ಅಂಜಬ್ಯಾಡ್ರಿ." ನನ್ನ ನಾಲಿಗಿ ತುದಿಗಿ ಬಂದಿತ್ತು, ದೇವರ ಆಣಿಗೂ ಬಂದಿತ್ತು. ಖೈರುನ್ಬಿ ಕಡಿ ನೋಡಿದೆ. ಅಕಿ, "ಯಾರೂ ಇಲ್ಲ ಸಾಹೇಬ. ನಮಗೊಂದು ಬಾಗಿಲು ಮಾಡಿಸಿ ಕೊಡ್ರಿ" ಅಂದ್ಳು. ಆಮ್ಯಾಲ ನಾ ಅಕಿಗಿ ಆ ಕಡಿ ಕರಕೊಂಡು ಹೋಗಿ, "ಯಾಕ ಹೇಳ್ಲಿಲ್ಲ ಅಕ್ಕಾ?" ಅಂತ ಜಗಳಾನೇ ತಗದೆ. "ಜೀಪು ಈಗ ಹೋಗ್ತದ. ಅದರಾಗ ನೀನೂ ಹೋಗ್ತಿ. ನಾವು ನಾಳಿ ಅವನ ಹೊಲ ದಾಟೇ ಹಳ್ಳಕ್ಕ ಹೋಗಬೇಕು. ಅವನ ಅಂಜಿಕಿ ನಮ್ಮ ಕೈಯಾಗ ಇರ್ಲಿ ತಂಗಿ, ನಮಗ ಅದೇ ಬಾಗಿಲು" ಅಂದ್ಳು. ಸರಿ ಮಾಡಿದ್ವೋ ತಪ್ಪು ಮಾಡಿದ್ವೋ, ನನಗ ಇವತ್ತಿಗೂ ತಿಳೀವೊಲ್ದು. ಮೂರು ಹೆಣ ಅವು. ಸಣ್ಣ ಮಾತಲ್ಲ. ಆದ್ರ ಅಲ್ಲಿ ಇರೋರು ಅವರು, ನಾನಲ್ಲ.

ನಾ ಜೀಪಿನಾಗ ಬರಲಿಲ್ಲ, ಇನ್ನೊಂದು ಹದಿನೈದು ದಿನ ಇದ್ದು ಬಂದೆ, ಬಾಗಿಲು ಕೂಡಿಸೋ ತನಕ. ನಿಮ್ಮ ಮುತ್ತ್ಯಾ ಭಾಲ್ಕಿ ತನಕ ಹುಡುಕ್ಕೊಂಡು ಬಂದಿದ್ರು ಪಾಪ. ಏಳು ಮಂದ್ಯಾಗ ನಾಲ್ಕು ಮಂದಿ ಅಲ್ಲೇ ಉಳದ್ರು, ಮೂರು ಮಂದಿಗಿ ಆಗಲಿಲ್ಲ, ಬೀದರ್ಕೇ ತಿರುಗಿ ಬಂದು ಕೂಲಿ ಮಾಡ್ಕೊಂಡು ಬದುಕಿದ್ರು. ಮಾಬಿ ಎರಡು ವರ್ಷ ಇದ್ಳು, ಪ್ರತಿ ಜುಮ್ಮಾ ಹಳ್ಳದ ಆಚಿ ಹೋಗ್ತಿದ್ಳಂತ, ಕೈಹಿಡದು ಕರಕೊಂಡು ಹೋಗಾಕಿ ಯಾರಂತ ತಿಳದೀರಿ? ಸಂಗಮ್ಮ. ಗಂಡ ನೋಡಿಯೂ ನೋಡದಂಗ ಇರ್ತಿದ್ದನಂತ. ಖೈರುನ್ಬಿ ಗಂಡನಂಗೇ ತಾನೂ ಬಿಲ್ಲು ಹಿಡದು ಹತ್ತಿ ಹೊಡೀಲಿಕ್ಕ ಕಲತ್ಳು, ಹೆಂಗಸು ಹತ್ತಿ ಹೊಡಿಯೋದು ಆ ಕಡಿ ಯಾರೂ ಕಂಡಿದ್ದಿಲ್ಲ. ನನಗ ಮಾತ್ರ ಇವತ್ತಿಗೂ ಬಾಗಿಲಾಗ ಯಾರರ ಸಪ್ಪಳ ಮಾಡಲಾರದೇ ಬಂದು ನಿಂತ್ರ ಕೈಯಾಗಿನ ತಾಟು ಕೆಳಗ ಬೀಳ್ತದ, ನೀವು ನೋಡೀರಿ, ನಗ್ತೀರಿ.

ಅದಕ್ಕೇ ಹೇಳ್ತೇನಿ, ಕೆಟ್ಟು ಕೂತವ್ರ ಮನಿಗಿ ಹೋದ್ರ ಕೊಡೋದು ಕೊಟ್ಟು ಹಂಗೇ ಓಡಿ ಬರಬ್ಯಾಡ್ರಿ. ನಾಕು ದಿನ ಅವರ ಅಂಗಳದಾಗೇ ಇರ್ರಿ, ಅವರು ಉಂಡದ್ದೇ ಉಣ್ರಿ, ಅವರು ಅಂಜಿದಾಗ ನೀವೂ ಅಂಜ್ರಿ. ಅಂಜ್ಕೋತೇ ಇರ್ರಿ, ಆದ್ರ ಇರ್ರಿ. ಹೂಂ, ಏಳ್ರಿನ್ನ, ಕಾಲು ಜೋಮು ಹಿಡದಾವ ನನಗ, ಕೈ ಕೊಡ್ರಿ ಯಾರರ.